ಕಣ್ಣಿನ ಗಾಯ ಮತ್ತು ಬೇನೆ: ಗುರುತಿಸುವ ಬಗೆ, ಮೊದಲ ದಿನದ ಆರೈಕೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ಬಹುಪಾಲು ಕಸುಬುಗಳು ಕಣ್ಣನ್ನೇ ನೆಚ್ಚಿಕೊಂಡಿವೆ. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕೂದಲಿಗಿಂತ ತೆಳುವಾದ ಎಳೆಯ ತುದಿಯನ್ನು ಹುಡುಕಿ ತೆಗೆಯುವ ರೇಷ್ಮೆ ನೂಲು ಬಿಚ್ಚಾಣಿಕೆದಾರರು, ತಿರುಗುವ ಮರದ ತುಂಡಿಗೆ ಉಳಿ ಕೊಟ್ಟು ಬೊಂಬೆ ಕಡೆಯುವ ಕುಶಲಕರ್ಮಿಗಳು, ಬಂಡೆ ಸೀಳುವ ಕಲ್ಲುಕುಟಿಗರು, ರಾಗಿ ಕೊಯ್ದು ಒಕ್ಕಣೆ ಮಾಡುವ ರೈತರು, ಇವರೆಲ್ಲರ ದುಡಿಮೆಗೆ ಕಣ್ಣೇ ಬಂಡವಾಳ. ಆದರೆ ಕಣ್ಣಿಗೆ ಅಪಾಯ ಒದಗುವುದೂ ಇದೇ ಕಸುಬುಗಳಿಂದ. ಸುಣ್ಣ, ಮರದ ಪುಡಿ, ಕಲ್ಲಿನ ಚೂರು, ತೆನೆಯ ಮುಳ್ಳು ಯಾವ ಗಳಿಗೆಯಲ್ಲಾದರೂ ಕಣ್ಣಿಗೆ ಬೀಳಬಹುದು.

2015ರಿಂದ 2019ರವರೆಗೆ ದೇಶದಾದ್ಯಂತ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ, 50 ವರ್ಷ ಮೀರಿದವರ ಕುರುಡುತನಕ್ಕೆ ಮೊದಲ ಕಾರಣ ಕಣ್ಣಿನ ಪೊರೆ. ಅದರ ಪಾಲು ಶೇ 66.2. ಆದರೆ 50 ವರ್ಷದೊಳಗಿನವರಲ್ಲಿ ಮೊದಲ ಸ್ಥಾನ ಕಾರ್ನಿಯಾದ ಕಲೆಗೆ ಸೇರಿದ್ದು. ಅದರ ಪಾಲು ಶೇ 37.5. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ದೃಷ್ಟಿಯನ್ನು ಮರಳಿಸಬಹುದು. ಕಾರ್ನಿಯಾದ ಕಲೆ ಹಾಗಲ್ಲ. ಒಮ್ಮೆ ದಟ್ಟವಾಗಿ ಉಳಿದರೆ ಔಷಧಿಯಿಂದ ಹೋಗದು. ಗಾಯವಾದ ಮೊದಲ ದಿನ ಏನು ಮಾಡಲಾಯಿತು, ಏನು ಮಾಡಲಿಲ್ಲ ಎಂಬುದರ ಮೇಲೆಯೇ ಎಷ್ಟೋ ಸಲ ಕಣ್ಣಿನ ಉಳಿವು ನಿಂತಿರುತ್ತದೆ.

ಕಣ್ಣಿನ ರಚನೆ

ಕರಿಗುಡ್ಡೆಯ ಮುಂದೆ ಕೈಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಇದರಲ್ಲಿ ರಕ್ತನಾಳಗಳಿಲ್ಲ, ನರಗಳು ಹೇರಳವಾಗಿವೆ. ಆದ್ದರಿಂದಲೇ ಒಂದು ದೂಳಿನ ಕಣವೂ ಅಸಾಧ್ಯ ನೋವು ಕೊಡುತ್ತದೆ. ಮೇಲ್ಪದರ ಮಾತ್ರ ಗೀಚಿದ್ದರೆ ಒಂದೆರಡು ದಿನದಲ್ಲಿ ಕಲೆಯಿಲ್ಲದೆ ಕೂಡಿಕೊಳ್ಳುತ್ತದೆ. ಸೋಂಕು ಒಳಪದರಕ್ಕೆ ಇಳಿದರೆ ಬಿಳಿಯ ಕಲೆ ಉಳಿಯುತ್ತದೆ. ಹಳ್ಳಿಗಳಲ್ಲಿ 'ಕಣ್ಣಿಗೆ ಹೂವು ಬಿದ್ದಿದೆ' ಎನ್ನುವುದು ಇದನ್ನೇ.

ಕಾರ್ನಿಯಾದ ಹಿಂದೆ ಪಾಪೆ, ಅದರ ಹಿಂದೆ ಮಸೂರ, ತೀರ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಅಕ್ಷಿಪಟಲ ಇವೆ. ಮಸೂರ ಮಂಜಾದರೆ ಅದೇ ಪೊರೆ.

ಚೂರು, ದೂಳು ಬಿದ್ದಾಗ

ಚನ್ನಪಟ್ಟಣದ ಬೊಂಬೆ ಕಸುಬಿನಲ್ಲಿ ಮರ ಕಡೆಯುವಾಗ ಸಿಬಿರು ಮತ್ತು ನುಣುಪಾದ ಪುಡಿ ಮುಖದತ್ತ ಹಾರುತ್ತವೆ. ರಾಮನಗರದ ಬಂಡೆಗಳು ಆ ಊರಿನ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಭೂವಿಜ್ಞಾನಿಗಳಿಗೆ ಪರಿಚಿತ. ಈ ಗಟ್ಟಿ ಶಿಲೆಯನ್ನು ಒಡೆಯುವಾಗ ಕಲ್ಲಿನ ಚೂರಿನ ಜೊತೆಗೆ ಸುತ್ತಿಗೆ, ಉಳಿಗಳ ಉಕ್ಕಿನ ಚೂರೂ ಸಿಡಿಯುತ್ತದೆ. ಗ್ರೈಂಡಿಂಗ್, ವೆಲ್ಡಿಂಗ್ ಅಂಗಡಿಗಳಲ್ಲಿ ಕಬ್ಬಿಣದ ಕಿಡಿ ಕಾರ್ನಿಯಾದಲ್ಲಿ ನೆಟ್ಟುಕೊಳ್ಳುವುದು ಸಾಮಾನ್ಯ.

ಹೀಗಾದಾಗ ಮೊದಲ ಕೆಲಸ ಕಣ್ಣುಜ್ಜದಿರುವುದು. ಉಜ್ಜಿದರೆ ಚೂರು ಗರಗಸದಂತೆ ಕಾರ್ನಿಯಾವನ್ನು ಗೀಚುತ್ತದೆ. ಕೈ ತೊಳೆದುಕೊಂಡು ಶುದ್ಧ ನೀರನ್ನು ಕಣ್ಣಿನ ಮೇಲೆ ಧಾರಾಳವಾಗಿ ಹರಿಸಬೇಕು. ನೀರಿನಲ್ಲಿ ಪದೇ ಪದೇ ರೆಪ್ಪೆ ಬಡಿಯಬೇಕು. ಸಡಿಲವಾದ ದೂಳು ಇಷ್ಟಕ್ಕೇ ಹೊರಬರುತ್ತದೆ.

ನೀರಿಗೆ ಬಾರದ ಚೂರನ್ನು ಜೊತೆಗಾರರಿಂದ ತೆಗೆಸುವ ಅಭ್ಯಾಸ ಅನೇಕ ಕಾರ್ಖಾನೆಗಳಲ್ಲಿ ಇದೆ. ಬೆಂಕಿಕಡ್ಡಿಯ ತುದಿ, ಮಡಿಸಿದ ಕಾಗದ, ಸೂಜಿ, ಬಟ್ಟೆಯ ಚುಂಗು ಇದಕ್ಕೆ ಬಳಕೆಯಾಗುತ್ತವೆ. ನಾಲಿಗೆಯಿಂದ ಕಸ ತೆಗೆಯುವವರ ಬಳಿಗೆ ಹೋಗುವವರೂ ಇದ್ದಾರೆ. ಇವೆಲ್ಲವೂ ಸೋಂಕಿಗೆ ನೇರ ದಾರಿ. ಕಬ್ಬಿಣದ ಚೂರು ಒಂದೆರಡು ದಿನ ನಿಂತರೆ ಸುತ್ತಲೂ ತುಕ್ಕಿನ ಬಳೆಯನ್ನೇ ಬಿಡುತ್ತದೆ. ಕಣ್ಣಿನ ವೈದ್ಯರು ಮರಗಟ್ಟಿಸುವ ಹನಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ಕೆಲವೇ ನಿಮಿಷಗಳಲ್ಲಿ ತೆಗೆಯುತ್ತಾರೆ.

ಸುತ್ತಿಗೆ ಏಟು ಹಾಕುವಾಗ ಅಥವಾ ಯಂತ್ರದ ಮುಂದೆ ನಿಂತಾಗ 'ಏನೋ ಚುಳ್ಳೆಂದಿತು, ಆಮೇಲೆ ನೋವಿಲ್ಲ' ಎಂಬಂತಾದರೆ ಹೆಚ್ಚು ಎಚ್ಚರ ಬೇಕು. ಅತಿವೇಗದ ಉಕ್ಕಿನ ಚೂರು ಗುಡ್ಡೆಯನ್ನು ತೂರಿ ಒಳಗೆ ಸೇರಿದ್ದರೂ ಹೊರಗೆ ಸಣ್ಣ ಗುರುತು ಮಾತ್ರ ಕಾಣಬಹುದು. ನೋವಿಲ್ಲವೆಂದು ಸುಮ್ಮನಿರದೆ ಅದೇ ದಿನ ಪರೀಕ್ಷಿಸಿಕೊಳ್ಳಬೇಕು.

ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಿದವರಿಗೆ ಕೆಲವು ಗಂಟೆಗಳ ಅನಂತರ, ಸಾಮಾನ್ಯವಾಗಿ ರಾತ್ರಿ ವೇಳೆ, ಕಣ್ಣಿಗೆ ಮರಳು ಸುರಿದಂತೆ ಉರಿ, ನೀರು ಸುರಿಯುವಿಕೆ ಶುರುವಾಗುತ್ತದೆ. ಇದು ನೇರಳಾತೀತ ಕಿರಣಗಳಿಂದಾದ ಸುಟ್ಟ ಗಾಯ. ಒಂದೆರಡು ದಿನದಲ್ಲಿ ಮಾಯುತ್ತದೆ. ಆದರೆ ನೋವು ಶಮನಕ್ಕೆಂದು ಮರಗಟ್ಟಿಸುವ ಹನಿಯನ್ನು ಮನೆಯಲ್ಲಿ ಮತ್ತೆ ಮತ್ತೆ ಹಾಕಿಕೊಳ್ಳಕೂಡದು. ಅದು ಕಾರ್ನಿಯಾ ಮಾಯದಂತೆ ತಡೆಯುತ್ತದೆ.

ಸುಣ್ಣ ಮತ್ತು ರಾಸಾಯನಿಕಗಳು

ಕಣ್ಣಿನ ಗಾಯಗಳಲ್ಲಿ ನಿಮಿಷಗಳ ಲೆಕ್ಕದಲ್ಲಿ ದೃಷ್ಟಿಯನ್ನು ಕಳೆಯುವುದು ಇದೊಂದೇ. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಹಾಸಿಗೆಯ ತೇವ ಹೀರಲು ಅರಳಿದ ಸುಣ್ಣವನ್ನು ಎರಚುತ್ತಾರೆ. ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ಮೊದಲು ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಮುಂತಾದವುಗಳಿಂದ ಮನೆ, ತಟ್ಟೆ, ಚಂದ್ರಿಕೆಗಳನ್ನು ಶುದ್ಧಿ ಮಾಡುತ್ತಾರೆ. ಎಲೆಅಡಿಕೆಯ ಸುಣ್ಣದ ಪೊಟ್ಟಣ ಪ್ರತಿ ಮನೆಯಲ್ಲಿಯೂ ಇದೆ. ಮಕ್ಕಳು ಅದನ್ನು ಹಿಚುಕಿ ಆಡುವಾಗ ಪೊಟ್ಟಣ ಒಡೆದು ಸುಣ್ಣ ನೇರ ಕಣ್ಣಿಗೆ ಚಿಮ್ಮುತ್ತದೆ. ಈ ಒಂದೇ ಕಾರಣಕ್ಕೆ ದೃಷ್ಟಿ ಕಳೆದುಕೊಂಡ ಮಕ್ಕಳ ಪ್ರಕರಣಗಳನ್ನು ದೇಶದ ಅನೇಕ ಕಣ್ಣಾಸ್ಪತ್ರೆಗಳು ದಾಖಲಿಸಿವೆ.

ಆಮ್ಲಕ್ಕಿಂತ ಕ್ಷಾರ ಹೆಚ್ಚು ಕೆಟ್ಟದ್ದು. ಆಮ್ಲ ತಾಗಿದ ಕಡೆ ಪದರ ಹೆಪ್ಪುಗಟ್ಟಿ, ಅದೇ ಒಂದು ತಡೆಯಾಗಿ ನಿಲ್ಲುತ್ತದೆ. ಸುಣ್ಣದಂತಹ ಕ್ಷಾರ ಪದರವನ್ನು ಕರಗಿಸುತ್ತ ಒಳಕ್ಕೆ ಇಳಿಯುತ್ತದೆ. ರೆಪ್ಪೆಯ ಸಂದಿನಲ್ಲಿ ಉಳಿದ ಒಂದು ಚೂರು ಸುಣ್ಣ ಗಂಟೆಗಟ್ಟಲೆ ಸುಡುತ್ತಲೇ ಇರುತ್ತದೆ.

ತತ್‌ಕ್ಷಣ ಮಾಡಬೇಕಾದುದು ಇಷ್ಟು:

- ನಿಂತ ಜಾಗದಲ್ಲಿಯೇ ತೊಳೆಯಲು ಆರಂಭಿಸುವುದು. ನಲ್ಲಿ, ಬೋರ್‌ವೆಲ್, ಬಿಂದಿಗೆ, ಯಾವ ಶುದ್ಧ ನೀರಾದರೂ ಸರಿ. ಕಾಯಿಸಿ ಆರಿಸಿದ ನೀರಿಗಾಗಿ ಕಾಯಬಾರದು.
- ರೋಗಿಯನ್ನು ಮಲಗಿಸಿ, ತಲೆಯನ್ನು ಗಾಯವಾದ ಕಣ್ಣಿನ ಕಡೆಗೆ ವಾಲಿಸಿ, ಬೆರಳಿನಿಂದ ಎರಡೂ ರೆಪ್ಪೆಗಳನ್ನು ಅಗಲಿಸಿ, ಮೂಗಿನ ಕಡೆಯಿಂದ ಹೊರಕ್ಕೆ ನೀರು ಹರಿಸುವುದು. ಹೀಗೆ ಮಾಡಿದರೆ ಇನ್ನೊಂದು ಕಣ್ಣಿಗೆ ನೀರು ಹೋಗದು.
- ಕನಿಷ್ಠ 30 ನಿಮಿಷ ಬಿಡದೆ ತೊಳೆಯುವುದು. ಮಗು ಅತ್ತರೂ ನಿಲ್ಲಿಸಬಾರದು.
- ರೆಪ್ಪೆಯ ಒಳಗೆ ಸುಣ್ಣದ ಕಣಗಳು ಕಂಡರೆ ಒದ್ದೆ ಹತ್ತಿಯಿಂದ ಮೃದುವಾಗಿ ಒರೆಸಿ ತೆಗೆಯುವುದು.
- ಸುಣ್ಣಕ್ಕೆ ಎದುರಾಗಿ ನಿಂಬೆರಸ, ಮಜ್ಜಿಗೆ, ತುಪ್ಪ, ಎಣ್ಣೆ ಏನನ್ನೂ ಹಾಕಕೂಡದು.
- ತೊಳೆದ ಮೇಲೆ ನೇರವಾಗಿ ಆಸ್ಪತ್ರೆಗೆ ಹೊರಡುವುದು. ಔಷಧಿಯ ಡಬ್ಬಿ ಅಥವಾ ಪೊಟ್ಟಣವನ್ನು ಜೊತೆಗೆ ಒಯ್ಯುವುದು.

ತೊಳೆಯದೆ ಆಸ್ಪತ್ರೆಗೆ ಓಡುವುದು ಇಲ್ಲಿ ನಡೆಯುವ ದೊಡ್ಡ ತಪ್ಪು. ದಾರಿಯಲ್ಲಿ ಕಳೆಯುವ ಅರ್ಧ ಗಂಟೆಯಲ್ಲಿ ಸುಣ್ಣ ತನ್ನ ಕೆಲಸ ಮುಗಿಸಿರುತ್ತದೆ. ಬ್ಯಾಟರಿಯ ಆಮ್ಲ, ಶೌಚಾಲಯ ತೊಳೆಯುವ ದ್ರಾವಣ, ಕೀಟನಾಶಕ, ಹಸಿ ಸಿಮೆಂಟ್, ಮೆಣಸಿನಪುಡಿ ಬಿದ್ದಾಗಲೂ ಇದೇ ಕ್ರಮ.

ತೆನೆ, ಗರಿ, ಹುಲ್ಲು ತಾಗಿದಾಗ

ಮಾಗಡಿ, ಕನಕಪುರ ಕಡೆಯ ಹೊಲಗಳಲ್ಲಿ ಕೊಯ್ಲು ಮತ್ತು ಒಕ್ಕಣೆಯ ಕಾಲ ಕಣ್ಣಿಗೂ ಅಪಾಯದ ಕಾಲ. ರಾಗಿಯ ಹೊಟ್ಟು, ಭತ್ತದ ಮುಳ್ಳು, ಕಬ್ಬಿನ ಗರಿ, ಹಿಪ್ಪುನೇರಳೆ ಕಡ್ಡಿ, ದನದ ಬಾಲ ಕಣ್ಣಿಗೆ ಸವರಿ ಹೋಗುತ್ತವೆ. ಗೀಚು ಸಣ್ಣದು; ಸಂಜೆಯ ಹೊತ್ತಿಗೆ ನೋವು ಕಡಿಮೆಯಾದಂತೆಯೂ ಅನಿಸಬಹುದು. ಆದರೆ ಸಸ್ಯಗಳ ಮೇಲೆ ಇರುವ ಶಿಲೀಂಧ್ರ ಆ ಗೀಚಿನಲ್ಲಿ ಬೇರೂರುತ್ತದೆ. ದಕ್ಷಿಣ ಭಾರತದ ಕಾರ್ನಿಯಾ ಹುಣ್ಣುಗಳಲ್ಲಿ ಶಿಲೀಂಧ್ರದ ಪಾಲು ದೊಡ್ಡದು. ಫ್ಯುಸೇರಿಯಂ ಮತ್ತು ಆಸ್ಪರ್‌ಜಿಲಸ್ ಮುಖ್ಯ ಕಾರಣಗಳು.

ಹುಣ್ಣಿನ ಲಕ್ಷಣಗಳು ಹೀಗಿವೆ: ದಿನದಿಂದ ದಿನಕ್ಕೆ ಹೆಚ್ಚುವ ನೋವು ಮತ್ತು ಕೆಂಪು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು, ಕರಿಗುಡ್ಡೆಯ ಮೇಲೆ ಬಿಳಿ ಅಥವಾ ಬೂದು ಬಣ್ಣದ ಚುಕ್ಕೆ. ಈ ಬಿಳಿ ಚುಕ್ಕೆ ಕಂಡ ಕೂಡಲೇ ತುರ್ತು ಎಂದು ತಿಳಿಯಬೇಕು. ವೈದ್ಯರು ಹುಣ್ಣನ್ನು ಕೆರೆದು ತೆಗೆದ ಮಾದರಿಯಲ್ಲಿ ರೋಗಾಣು ಯಾವುದೆಂದು ನೋಡಿ ಔಷಧಿ ಕೊಡುತ್ತಾರೆ. ಶಿಲೀಂಧ್ರಕ್ಕೆ ನಟಮೈಸಿನ್ ಹನಿಯನ್ನು ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಎಂಬಂತೆ, ಅನೇಕ ವಾರ ಹಾಕಬೇಕಾಗುತ್ತದೆ. ನೋವು ಇಳಿಯಿತೆಂದು ನಡುವೆ ನಿಲ್ಲಿಸಿದರೆ ಹುಣ್ಣು ಮರುಕಳಿಸುತ್ತದೆ.

ಹುಣ್ಣಾಗುವ ಮೊದಲೇ ತಡೆಯಲು ಸಾಧ್ಯವೇ ಎಂಬ ಪ್ರಶ್ನೆಗೆ ನೇಪಾಳದ ಭಕ್ತಪುರದಲ್ಲಿ ನಡೆದ ಒಂದು ಅಧ್ಯಯನ ಉತ್ತರ ಕೊಟ್ಟಿದೆ. 2001ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಗ್ರಾಮ ಆರೋಗ್ಯ ಕಾರ್ಯಕರ್ತರು ಕಾರ್ನಿಯಾ ಗೀಚಿಕೊಂಡ 442 ಮಂದಿಗೆ ಪ್ರತಿಜೀವಕ ಮುಲಾಮು ಹಚ್ಚಿದರು. ಗಾಯವಾದ 18 ಗಂಟೆಯೊಳಗೆ ಬಂದ 284 ಮಂದಿಯಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 18ರಿಂದ 24 ಗಂಟೆಯ ನಡುವೆ ಬಂದ 109 ಮಂದಿಯಲ್ಲಿ 4 ಮಂದಿಗೆ ಆಯಿತು. ಒಂದು ದಿನ ಕಳೆದು ಬಂದ 49 ಮಂದಿಯಲ್ಲಿ 14 ಮಂದಿಗೆ ಆಯಿತು. ಔಷಧಿ ಒಂದೇ, ಅಂತರವಿದ್ದುದು ಗಂಟೆಗಳಲ್ಲಿ ಮಾತ್ರ. ತೆನೆ ತಾಗಿದ ದಿನವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವುದರ ಬೆಲೆ ಇಷ್ಟು.

ಹಾಲು ಒಸರುವ ಗಿಡಗಳು

ಆಂಜನೇಯನಿಗೆ, ಗಣಪತಿಗೆ ಹಾರ ಕಟ್ಟಲು ಎಕ್ಕದ ಹೂವು ಕೀಳುವವರು, ರಥಸಪ್ತಮಿಗೆ ಎಕ್ಕದ ಎಲೆ ತರುವವರು ಆ ಕೈಯಿಂದಲೇ ಕಣ್ಣು ಮುಟ್ಟಿಕೊಳ್ಳುವುದುಂಟು. ಎಕ್ಕದ ಹಾಲು ಕಾರ್ನಿಯಾದ ಒಳಪದರವನ್ನೇ ಬಾಧಿಸಿ ಊತ ತರುತ್ತದೆ. ಅದು ಕಣ್ಣನ್ನು ಮರಗಟ್ಟಿಸುವುದರಿಂದ ನೋವು ಹೆಚ್ಚಿರುವುದಿಲ್ಲ. ದೃಷ್ಟಿ ಮಾತ್ರ ಮಂಜಾಗುತ್ತದೆ. ಕಳ್ಳಿಯ ಹಾಲು ಇದಕ್ಕೆ ವಿರುದ್ಧವಾಗಿ ತೀವ್ರ ಉರಿ ಮತ್ತು ಊತ ಉಂಟುಮಾಡುತ್ತದೆ. ಎರಡಕ್ಕೂ ಕೂಡಲೇ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಬೇಕು. ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಬಹುತೇಕರಿಗೆ ದೃಷ್ಟಿ ಮರಳುತ್ತದೆ.

ಪೆಟ್ಟು, ತೂತು, ಪಟಾಕಿ

ಚಿನ್ನಿದಾಂಡು, ಕ್ರಿಕೆಟ್ ಚೆಂಡು, ಕಡ್ಡಿ, ಬಾಣ, ಪೆನ್ಸಿಲ್ ಇವು ಮಕ್ಕಳ ಕಣ್ಣಿನ ಪೆಟ್ಟಿಗೆ ಸಾಮಾನ್ಯ ಕಾರಣಗಳು. ದೀಪಾವಳಿಯ ಮೂರು ದಿನಗಳಲ್ಲಿ ಪಟಾಕಿಯಿಂದ ಗಾಯಗೊಂಡವರು ಪ್ರತಿ ವರ್ಷವೂ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೆ ಬರುತ್ತಾರೆ. ಪಟಾಕಿ ಹಚ್ಚದೆ ನೋಡುತ್ತ ನಿಂತಿದ್ದವರೂ ಅವರಲ್ಲಿರುತ್ತಾರೆ.

ಮೊಂಡು ಪೆಟ್ಟಿನಿಂದ ಕಾರ್ನಿಯಾದ ಹಿಂದೆ ರಕ್ತ ತುಂಬಿಕೊಳ್ಳಬಹುದು. ಕರಿಗುಡ್ಡೆಯ ಕೆಳಭಾಗದಲ್ಲಿ ಕೆಂಪು ಗೆರೆಯಂತೆ ಅದು ಕಾಣುತ್ತದೆ. ತಲೆದಿಂಬು ಎತ್ತರಿಸಿ ಮಲಗಿಸಿ, ಆಸ್ಪಿರಿನ್ ಕೊಡದೆ ಆಸ್ಪತ್ರೆಗೆ ಸೇರಿಸಬೇಕು.

ಗುಡ್ಡೆ ತೂತಾಗಿದೆ ಎಂಬ ಅನುಮಾನ ಬಂದರೆ, ಅಂದರೆ ಪಾಪೆಯ ಆಕಾರ ಕೆಟ್ಟು ಒಂದು ಬದಿಗೆ ಎಳೆದಂತಿದ್ದರೆ, ಗಾಯದಿಂದ ಕಪ್ಪು ಪದರ ಇಣುಕುತ್ತಿದ್ದರೆ, ದ್ರವ ಜಿನುಗುತ್ತಿದ್ದರೆ ಕ್ರಮವೇ ಬೇರೆ. ಆಗ ಕಣ್ಣು ತೊಳೆಯಬಾರದು. ಹನಿ, ಮುಲಾಮು ಹಾಕಬಾರದು. ಒತ್ತಿ ಪಟ್ಟಿ ಕಟ್ಟಬಾರದು. ಚುಚ್ಚಿಕೊಂಡ ವಸ್ತುವನ್ನು ಕೀಳಬಾರದು. ಕಾಗದದ ಲೋಟದ ತಳಭಾಗವನ್ನು ಕತ್ತರಿಸಿ, ಅದರ ಅಂಚು ಹುಬ್ಬು ಮತ್ತು ಕೆನ್ನೆಯ ಮೂಳೆಯ ಮೇಲೆ ಕೂರುವಂತೆ ಇಟ್ಟು ಅಂಟುಪಟ್ಟಿ ಹಾಕಿದರೆ ಕಣ್ಣಿಗೆ ಒತ್ತಡ ಬೀಳದು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ಊಟ, ಕಾಫಿ ಕೊಡಬಾರದು. ಧನುರ್ವಾಯು ಚುಚ್ಚುಮದ್ದಿನ ವಿಚಾರವನ್ನು ವೈದ್ಯರಿಗೆ ತಿಳಿಸಬೇಕು.

ಕೆಂಪು ಕಣ್ಣು: ಯಾವುದು ಸಾಮಾನ್ಯ, ಯಾವುದು ಅಪಾಯ

ಮದ್ರಾಸ್ ಐ ಎಂದು ಜನ ಕರೆಯುವ ಕೆಂಗಣ್ಣು ಬೇನೆ 2023ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ರಾಜ್ಯದಾದ್ಯಂತ ಹರಡಿತ್ತು. ಇದು ಹೆಚ್ಚಾಗಿ ವೈರಾಣುವಿನಿಂದ ಬರುತ್ತದೆ. ಕೆಂಪು, ನೀರು ಸುರಿಯುವುದು, ಮರಳು ಒತ್ತಿದಂತಹ ಅನುಭವ, ಬೆಳಿಗ್ಗೆ ಪಿಸುರಿನಿಂದ ರೆಪ್ಪೆ ಅಂಟಿಕೊಳ್ಳುವುದು ಇದರ ಲಕ್ಷಣಗಳು. ಪಿಸುರು ಒರೆಸಿದರೆ ದೃಷ್ಟಿ ತಿಳಿಯಾಗಿಯೇ ಇರುತ್ತದೆ. ಒಂದೆರಡು ವಾರದಲ್ಲಿ ತಾನೇ ಗುಣವಾಗುತ್ತದೆ. ರೋಗಿಯನ್ನು ನೋಡಿದ ಮಾತ್ರಕ್ಕೆ ಇದು ಅಂಟುವುದಿಲ್ಲ; ಕೈ, ಟವೆಲ್, ದಿಂಬು, ಮೊಬೈಲ್‌ಗಳಿಂದ ಹರಡುತ್ತದೆ. ಆದ್ದರಿಂದ ಕೈ ತೊಳೆಯುವುದೇ ಮುಖ್ಯ ಮದ್ದು. ಮಕ್ಕಳನ್ನು ಕೆಲದಿನ ಶಾಲೆಗೆ ಕಳುಹಿಸಬಾರದು.

ರೆಪ್ಪೆಯ ಅಂಚಿನಲ್ಲಿ ಏಳುವ ಕುರುವಿಗೆ ದಿನಕ್ಕೆ ಮೂರು ನಾಲ್ಕು ಬಾರಿ ಬಿಸಿ ಬಟ್ಟೆಯ ಶಾಖ ಸಾಕು, ಹಿಚುಕಬಾರದು. ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಒಲೆಯ ಹೊಗೆ, ಗೂಡು ಬೇಯಿಸುವ ಆವಿಯಿಂದ ಕಣ್ಣು ಕೆಂಪಾಗಿ ಉರಿಯುವುದು ಗಾಳಿ ಸಂಚಾರ ಹೆಚ್ಚಿಸಿದರೆ ಇಳಿಯುತ್ತದೆ. ಇಳಿಯದಿದ್ದರೆ ಅಲರ್ಜಿ ಇರಬಹುದು.

ಕೆಳಗಿನ ಯಾವುದೇ ಒಂದು ಲಕ್ಷಣ ಜೊತೆಗಿದ್ದರೆ ಅದು ಸಾಮಾನ್ಯ ಕೆಂಗಣ್ಣಲ್ಲ. ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು:

- ದೃಷ್ಟಿ ಮಂಜಾಗಿರುವುದು
- ಕಣ್ಣೊಳಗಿನಿಂದ ಬರುವ ತೀವ್ರ ನೋವು
- ಬೆಳಕನ್ನು ಸಹಿಸಲಾಗದಿರುವುದು
- ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ
- ಪಾಪೆಯ ಆಕಾರ ಅಥವಾ ಗಾತ್ರದಲ್ಲಿ ವ್ಯತ್ಯಾಸ
- ನವಜಾತ ಶಿಶುವಿನ ಕಣ್ಣಿನಲ್ಲಿ ಕೀವು
- ಕಣ್ಣುನೋವಿನೊಂದಿಗೆ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು

ಕೊನೆಯ ಲಕ್ಷಣ ಕಣ್ಣಿನ ಒತ್ತಡ ಹಠಾತ್ತನೆ ಏರುವ ಗ್ಲಾಕೋಮಾದ್ದು. ಪಿತ್ತ, ಅರೆತಲೆನೋವು ಎಂದು ಭಾವಿಸಿ ಎರಡು ದಿನ ಕಳೆದರೆ ದೃಷ್ಟಿನರ ಶಾಶ್ವತವಾಗಿ ಹಾಳಾಗಬಹುದು.

ಸದ್ದಿಲ್ಲದೆ ಬರುವ ಕಾಯಿಲೆಗಳು

ಪೊರೆ ನಿಧಾನವಾಗಿ, ನೋವಿಲ್ಲದೆ ಬರುತ್ತದೆ. ಎದುರಿನ ವಾಹನದ ದೀಪ ಕುಕ್ಕುವುದು, ಬಣ್ಣಗಳು ಮಾಸಿದಂತೆ ಕಾಣುವುದು, ಕನ್ನಡಕದ ನಂಬರ್ ಪದೇ ಪದೇ ಬದಲಾಗುವುದು ಮೊದಲ ಸೂಚನೆಗಳು. ಪೊರೆ 'ಬಲಿಯಲಿ' ಎಂದು ಕಾಯಬೇಕಾದ ಕಾಲ ಹೋಗಿದೆ. ದಿನದ ಕೆಲಸಕ್ಕೆ ಅಡ್ಡಿಯಾದಾಗಲೇ ತೆಗೆಸಿ ಕೃತಕ ಮಸೂರ ಇಡಿಸಿಕೊಳ್ಳಬಹುದು. ಅತಿಯಾಗಿ ಬಲಿತ ಪೊರೆ ತಾನೇ ಒತ್ತಡ ಏರಿಸಿ ಕಣ್ಣನ್ನು ಕೆಡಿಸುವುದುಂಟು. ಹನಿಯಿಂದ, ಎಲೆರಸದಿಂದ ಪೊರೆ ಕರಗುವುದಿಲ್ಲ. ಹಳ್ಳಿಗಳಿಗೇ ಹೋಗಿ ಸಾಮೂಹಿಕ ಶಿಬಿರ ನಡೆಸುತ್ತಿದ್ದ ಡಾ. ಎಂ.ಸಿ. ಮೋದಿ (2005ರಲ್ಲಿ ನಿಧನ) ಅವರ ಕಾಲದಲ್ಲಿ ಶಸ್ತ್ರಚಿಕಿತ್ಸೆಯ ಅನಂತರ ದಪ್ಪ ಗಾಜಿನ ಕನ್ನಡಕ ಅನಿವಾರ್ಯವಾಗಿತ್ತು. ಕೃತಕ ಮಸೂರ ಬಂದ ಮೇಲೆ ಅದೂ ತಪ್ಪಿದೆ.

ಗ್ಲಾಕೋಮಾದ ಸಾಮಾನ್ಯ ಬಗೆಯಲ್ಲಿ ನೋವೂ ಇಲ್ಲ, ಕೆಂಪೂ ಇಲ್ಲ. ಅಂಚಿನ ನೋಟ ಮೊದಲು ಕುಗ್ಗುತ್ತದೆ. ಹೋದ ದೃಷ್ಟಿ ಮರಳದು. ಉಳಿದದ್ದನ್ನು ಹನಿಗಳಿಂದ ಕಾಯಬಹುದು. 40 ದಾಟಿದವರು, ಅದರಲ್ಲಿಯೂ ತಂದೆ ತಾಯಿ, ಒಡಹುಟ್ಟಿದವರಲ್ಲಿ ಈ ಕಾಯಿಲೆ ಇದ್ದವರು, ಒತ್ತಡವನ್ನೂ ದೃಷ್ಟಿನರವನ್ನೂ ಪರೀಕ್ಷಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆ ಇರುವವರು ದೃಷ್ಟಿ ಚೆನ್ನಾಗಿಯೇ ಇದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಅಕ್ಷಿಪಟಲ ತೋರಿಸಬೇಕು.

ಕಣ್ಣಿನ ಮುಂದೆ ಹಠಾತ್ತನೆ ಮಿಂಚು, ಹಾರುವ ಕಪ್ಪು ಚುಕ್ಕೆಗಳ ರಾಶಿ, ಒಂದು ಬದಿಯಿಂದ ಪರದೆ ಇಳಿದಂತಹ ಅನುಭವವಾದರೆ ಅಕ್ಷಿಪಟಲ ಕಳಚುತ್ತಿರುವ ಸೂಚನೆ. ಇದೂ ತುರ್ತು.

ನಲವತ್ತರ ಆಸುಪಾಸಿನಲ್ಲಿ ಬರುವ ಚಾಳೀಸು ಕಾಯಿಲೆಯಲ್ಲ, ವಯೋಸಹಜ ಬದಲಾವಣೆ. ಆದರೆ ಎಳೆ ಹುಡುಕುವವರಿಗೆ, ಬೊಂಬೆಗೆ ಬಣ್ಣದ ಗೆರೆ ಎಳೆಯುವವರಿಗೆ ಅದು ನೇರವಾಗಿ ಕೂಲಿಯ ಪ್ರಶ್ನೆ. ಅಸ್ಸಾಮಿನ ಚಹಾ ತೋಟದ ಕಾರ್ಮಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಮೀಪದ ಕನ್ನಡಕ ಪಡೆದವರ ದುಡಿಮೆಯ ಏರಿಕೆ ಪಡೆಯದವರಿಗಿಂತ ಶೇ 20ಕ್ಕೂ ಹೆಚ್ಚಿತ್ತು. ಕನ್ನಡಕ ಹಾಕಿದರೆ ಕಣ್ಣು ಇನ್ನಷ್ಟು ಕೆಡುತ್ತದೆ ಎಂಬುದು ತಪ್ಪು ಕಲ್ಪನೆ.

ಮಕ್ಕಳ ಕಣ್ಣು

ಮಗು ತನಗೆ ಕಾಣುತ್ತಿಲ್ಲವೆಂದು ಹೇಳುವುದಿಲ್ಲ. ಎಲ್ಲರಿಗೂ ಹೀಗೆಯೇ ಕಾಣುತ್ತದೆಂದು ತಿಳಿದಿರುತ್ತದೆ. ಟಿ.ವಿ.ಯ ಹತ್ತಿರ ಕೂರುವುದು, ಕಣ್ಣು ಕಿರಿದು ಮಾಡಿ ನೋಡುವುದು, ಹಲಗೆಯ ಬರಹವನ್ನು ಪಕ್ಕದವರ ಪುಸ್ತಕದಿಂದ ಬರೆದುಕೊಳ್ಳುವುದು ಕಂಡರೆ ಪರೀಕ್ಷೆ ಮಾಡಿಸಬೇಕು. ಮೆಳ್ಳೆಗಣ್ಣು ಅದೃಷ್ಟದ ಗುರುತಲ್ಲ. ಬಾಲ್ಯದಲ್ಲಿಯೇ ಸರಿಪಡಿಸದಿದ್ದರೆ ಮೆದುಳು ಆ ಕಣ್ಣಿನ ಬಳಕೆಯನ್ನೇ ಬಿಡುತ್ತದೆ. ಪಾಪೆಯಲ್ಲಿ ಬೆಕ್ಕಿನ ಕಣ್ಣಿನಂತೆ ಬಿಳಿ ಹೊಳಪು ಕಂಡರೆ ಒಂದು ದಿನವೂ ತಡಮಾಡಬಾರದು. ಅದು ಪೊರೆಯಿರಬಹುದು, ಅಕ್ಷಿಪಟಲದ ಕ್ಯಾನ್ಸರ್ ಸಹ ಇರಬಹುದು.

ಸಂಜೆಯಾದೊಡನೆ ಎಡವುವ ಮಗುವಿಗೆ ಇರುಳುಗುರುಡು ಇರಬಹುದು. ಎ ಜೀವಸತ್ವದ ಕೊರತೆ ಮುಂದುವರಿದರೆ ಕಾರ್ನಿಯಾ ಒಣಗಿ ಕರಗುತ್ತದೆ. ಒಂಬತ್ತನೆಯ ತಿಂಗಳಿನಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಸರ್ಕಾರಿ ಕೇಂದ್ರಗಳಲ್ಲಿ ಕೊಡುವ ಎ ಜೀವಸತ್ವದ ದ್ರಾವಣವನ್ನು ತಪ್ಪಿಸಬಾರದು. ನುಗ್ಗೆಸೊಪ್ಪು, ಪರಂಗಿ, ಮಾವಿನ ಹಣ್ಣು ಈ ಸೀಮೆಯಲ್ಲಿಯೇ ಸಿಗುವ ಅದರ ಮೂಲಗಳು.

ಮಾಡಬಾರದ ಚಿಕಿತ್ಸೆಗಳು

ಎದೆಹಾಲು, ಹರಳೆಣ್ಣೆ, ಜೇನು, ನಂದಿಬಟ್ಟಲು ಹೂವಿನ ರಸ, ಈರುಳ್ಳಿ ರಸ ಇವು ತಲೆಮಾರುಗಳಿಂದ ಬಂದ ಮನೆಮದ್ದುಗಳು. ಒಳ್ಳೆಯ ಮನಸ್ಸಿನಿಂದಲೇ ಹಿರಿಯರು ಹಾಕುತ್ತಾರೆ. ಆದರೆ ಗೀಚಿದ ಕಾರ್ನಿಯಾಕ್ಕೆ ಇವು ರೋಗಾಣುವನ್ನೇ ಉಣಿಸಿದಂತೆ. ಆಸ್ಪತ್ರೆಗೆ ಹೋಗಬೇಕಾದ ಮೊದಲ ದಿನವನ್ನೂ ನುಂಗಿಹಾಕುತ್ತವೆ.

ಇದಕ್ಕಿಂತ ದೊಡ್ಡ ಅಪಾಯ ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತರುವ ಸ್ಟೀರಾಯ್ಡ್ ಹನಿ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಇರುವ ಹನಿಗಳು ಕೆಂಪನ್ನು ಒಂದೇ ದಿನದಲ್ಲಿ ಇಳಿಸುತ್ತವೆ. ಒಳಗೆ ಶಿಲೀಂಧ್ರ ಅಡ್ಡಿಯಿಲ್ಲದೆ ಬೆಳೆಯುತ್ತದೆ. ತಿಂಗಳುಗಟ್ಟಲೆ ಬಳಸಿದರೆ ಗ್ಲಾಕೋಮಾ ಮತ್ತು ಪೊರೆ ಬರುತ್ತವೆ. ಹಿಂದೆ ಯಾರಿಗೋ ಬರೆದುಕೊಟ್ಟು ಉಳಿದ ಹನಿಯನ್ನು ಬಳಸಕೂಡದು. ತೆರೆದು ಒಂದು ತಿಂಗಳಾದ ಶೀಶೆಯನ್ನು ಎಸೆಯಬೇಕು.

ಎಲ್ಲಿ ತೋರಿಸುವುದು

ತೊಳೆದ ಅನಂತರ ಮೊದಲ ತಾಣ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ರಾಮನಗರದಲ್ಲಿ ಜಿಲ್ಲಾ ಆಸ್ಪತ್ರೆ ಇದೆ. 2007ರಲ್ಲಿ ರಾಮನಗರದ ಹೆಸರಿನಲ್ಲಿ ರಚನೆಯಾದ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದರೂ ಜಿಲ್ಲಾ ಕೇಂದ್ರ ರಾಮನಗರವೇ. ತೂತಾದ ಗಾಯ, ಸುಣ್ಣದ ಸುಟ್ಟಗಾಯ, ಬಿಳಿ ಚುಕ್ಕೆಯ ಹುಣ್ಣುಗಳಿಗೆ ಬೆಂಗಳೂರಿಗೆ ಹೋಗಬೇಕಾಗಬಹುದು. 1896ರಲ್ಲಿ ಸಣ್ಣ ಕಣ್ಣಿನ ಚಿಕಿತ್ಸಾಲಯವಾಗಿ ಆರಂಭವಾದ ಸರ್ಕಾರಿ ಮಿಂಟೊ ಆಸ್ಪತ್ರೆ ಕೃಷ್ಣರಾಜ ಮಾರುಕಟ್ಟೆಯ ಸಮೀಪವಿದೆ. ನಾಲ್ಕೂ ಪಟ್ಟಣಗಳಿಂದ ಅದು ಸುಮಾರು 50ರಿಂದ 60 ಕಿ.ಮೀ. ದೂರ. ತುರ್ತು ಸಾಗಣೆಗೆ 108 ಆಂಬುಲೆನ್ಸ್ ಸೇವೆ ಇದೆ.

ಮುಂಜಾಗ್ರತೆ

ಕೆಲಸದ ಕಣ್ಣಿನ ಗಾಯಗಳಲ್ಲಿ ಬಹುಪಾಲನ್ನು ತಡೆಯುವ ಸಾಧನ ಬದಿ ಮುಚ್ಚಿದ ರಕ್ಷಣಾ ಕನ್ನಡಕ. ಬೊಂಬೆ ಕಡೆಯುವವರು, ಕಲ್ಲು ಒಡೆಯುವವರು, ಗ್ರೈಂಡಿಂಗ್ ಮಾಡುವವರು, ಸುಣ್ಣ ಎರಚುವವರು, ಔಷಧಿ ಸಿಂಪಡಿಸುವವರು, ಒಕ್ಕಣೆ ಮಾಡುವವರು ಇದನ್ನು ಧರಿಸಬೇಕು. ವೆಲ್ಡಿಂಗ್‌ಗೆ ಅದರದೇ ಕಪ್ಪು ಗಾಜಿನ ಮುಖಕವಚ ಬೇಕು. ಸೆಕೆ, ಬೆವರು, ಮಂಜು ಕಟ್ಟುವುದು ಎಂಬ ತೊಂದರೆಗಳು ನಿಜ. ಗಾಳಿ ಕಿಂಡಿಯಿರುವ ಕನ್ನಡಕ ಆರಿಸಿದರೆ ಅವು ಕಡಿಮೆಯಾಗುತ್ತವೆ. ಹುಳುಮನೆಯ ಬಾಗಿಲಲ್ಲಿ, ಕಾರ್ಖಾನೆಯ ಮೂಲೆಯಲ್ಲಿ ಒಂದು ಬಿಂದಿಗೆ ಶುದ್ಧ ನೀರು ಸದಾ ಇರಬೇಕು. ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿರಬೇಕು.

ತಿಂಗಳಿಗೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದುವುದು ಖರ್ಚಿಲ್ಲದ ಪರೀಕ್ಷೆ. ಒಂದು ಕಣ್ಣು ಮಂಜಾಗಿದ್ದರೂ ಇನ್ನೊಂದು ಅದನ್ನು ಮರೆಮಾಚುವುದರಿಂದ ಎಷ್ಟೋ ಜನರಿಗೆ ವರ್ಷಗಟ್ಟಲೆ ತಿಳಿಯುವುದೇ ಇಲ್ಲ.

ಕಲೆ ಉಳಿದ ಮೇಲೆ

ಕಾರ್ನಿಯಾದ ಕಲೆಯಿಂದ ದೃಷ್ಟಿ ಹೋದವರಿಗೆ ಉಳಿದ ದಾರಿ ಕಾರ್ನಿಯಾ ಕಸಿ. ಅದಕ್ಕೆ ಕಣ್ಣು ಬೇಕು. ಅದು ದಾನದಿಂದ ಮಾತ್ರ ಸಿಗುತ್ತದೆ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರ ಕಣ್ಣುಗಳು ದಾನವಾದದ್ದು ನಾಡಿಗೆ ತಿಳಿದ ಸಂಗತಿ. ಪುನೀತ್ ಅವರ ಕಾರ್ನಿಯಾಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಮರಣಾನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಯನ್ನು ದಿಂಬಿನ ಮೇಲೆ ಎತ್ತರಿಸಿರಬೇಕು. ಕನ್ನಡಕ ಹಾಕುತ್ತಿದ್ದವರು, ಪೊರೆ ತೆಗೆಸಿದವರು, ಸಕ್ಕರೆ ಕಾಯಿಲೆ ಇದ್ದವರು ಸಹ ದಾನ ಮಾಡಬಹುದು. ಮುಖ ವಿಕಾರವಾಗುವುದಿಲ್ಲ.

ಆದರೂ ಕಸಿಯಾದ ಕಾರ್ನಿಯಾ ಹುಟ್ಟಿನ ಕಾರ್ನಿಯಾಕ್ಕೆ ಸಮನಲ್ಲ. ಸುಣ್ಣದಿಂದ ಸುಟ್ಟ ಕಣ್ಣಿನಲ್ಲಂತೂ ಕಸಿ ನಿಲ್ಲುವುದೇ ಕಷ್ಟ. ಸುಣ್ಣ ಬಿದ್ದಾಗ ಅರ್ಧ ಗಂಟೆಯ ನೀರು, ತೆನೆ ತಾಗಿದಾಗ ಅದೇ ದಿನದ ಮುಲಾಮು, ಚೂರು ಹಾರುವ ಮೊದಲೇ ಒಂದು ಕನ್ನಡಕ: ಕಣ್ಣು ಉಳಿಸಿಕೊಳ್ಳಲು ಇವಕ್ಕಿಂತ ಅಗ್ಗದ ಚಿಕಿತ್ಸೆ ಬೇರೆ ಇಲ್ಲ.